ಮನೆಯಲ್ಲೇ ಕಟ್ಟಿದ ಮರದ ಕೆನೂ ಕೆರೆಯಲ್ಲಿ ನೇರವಾಗಿ ಸಾಗುತ್ತಿಲ್ಲ, ಏನು ಮಾಡಬೇಕು?

ತೋಟದ ದೋಣಿ, ಬೇಲೂರು

ಎಲ್ಲರಿಗೂ ನಮಸ್ಕಾರ. ಬೇಲೂರು ತಾಲ್ಲೂಕಿನ ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ, ಕಳೆದ ಮಳೆಗಾಲದ ಬಿಡುವಿನಲ್ಲಿ, ಊರಿನ ಆಚಾರರ ಜೊತೆ ಸೇರಿ ಇಬ್ಬರು ಕೂರಬಹುದಾದ ಮರದ ಕೆನೂ (ಹುಟ್ಟು ಹಾಕಿ ನಡೆಸುವ, ಎರಡೂ ತುದಿ ಚೂಪಾದ ಕಿರಿದಾದ ದೋಣಿ) ಒಂದನ್ನು ಕಟ್ಟಿದ್ದೇನೆ. ಉದ್ದ 15 ಅಡಿ, ನಡುವಿನ ಅಗಲ 34 ಇಂಚು. 6 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ಡನ್ನು ನಕ್ಷೆಯಂತೆ ಕತ್ತರಿಸಿ, ಅಂಚುಗಳಲ್ಲಿ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸೇರುವೆಗಳಿಗೆ ಮರದ ಪುಡಿ ಬೆರೆಸಿದ ಎಪಾಕ್ಸಿ ಅಂಟು ತುಂಬಿ, ಮೇಲೆ ಫೈಬರ್ ಗ್ಲಾಸ್ ಪಟ್ಟಿ ಅಂಟಿಸಿದ್ದೇವೆ. ಮೇಲಂಚಿನ ಪಟ್ಟಿಗಳು ತೋಟದಲ್ಲೇ ಉರುಳಿಸಿದ ಸಿಲ್ವರ್ ಓಕ್ ಮರದವು. ಎರಡೂ ತುದಿಗಳಲ್ಲಿ ಗಾಳಿ ತುಂಬಿದ, ನೀರು ಒಳನುಗ್ಗದಂತೆ ಮುಚ್ಚಿದ ಗೂಡುಗಳಿವೆ. ಇಡೀ ದೋಣಿ ಸುಮಾರು 38 ಕಿಲೋ ತೂಗುತ್ತದೆ. ನೀರು ಸೋರುವುದಿಲ್ಲ, ಇಬ್ಬರು ಕೂತರೆ ಚೆನ್ನಾಗಿಯೇ ನಿಲ್ಲುತ್ತದೆ.

ತೊಂದರೆ ಬರುವುದು ನಾನೊಬ್ಬನೇ ಹೋದಾಗ. ಹಿಂದಿನ ಸೀಟಿನಲ್ಲಿ ಕೂತು ಬಲಗಡೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಎಡಗಡೆ ಹಾಕಿದರೆ ಬಲಕ್ಕೆ. ಎರಡು ಮೂರು ಸಲ ಹುಟ್ಟು ಹಾಕುವಷ್ಟರಲ್ಲಿ ಬದಿ ಬದಲಿಸಬೇಕಾಗುತ್ತದೆ, ಬದಲಿಸುವಾಗಲೆಲ್ಲ ತೊಡೆಯ ಮೇಲೆ ನೀರು ಸುರಿಯುತ್ತದೆ. ಹತ್ತು ಗಂಟೆಯ ಮೇಲೆ ಗಾಳಿ ಎದ್ದರಂತೂ ಮುಂತುದಿ ಗಾಳಿ ಬೀಸಿದ ಕಡೆಗೆ ಹೊರಳಿಬಿಡುತ್ತದೆ, ಎಷ್ಟು ಬಲ ಹಾಕಿದರೂ ಹಿಂದಕ್ಕೆ ತರಲು ಆಗುವುದಿಲ್ಲ. ದೋಣಿಯ ತಳಕ್ಕೆ ಉದ್ದಕ್ಕೂ ಒಂದು ಮರದ ಪಟ್ಟಿ ಹೊಡೆದರೆ ಸರಿಹೋಗುತ್ತದೆ ಎಂದು ಆಚಾರರು ಹೇಳುತ್ತಾರೆ. ಅದಕ್ಕೆ ಮೊದಲು ಬಲ್ಲವರನ್ನು ಕೇಳೋಣವೆನಿಸಿತು. ಪಟ್ಟಿ ಹೊಡೆಯಬೇಕೇ, ಹುಟ್ಟು ಹಾಕುವ ಕ್ರಮ ಬದಲಾಗಬೇಕೇ, ಹುಟ್ಟಿನ ಅಳತೆ ಎಷ್ಟಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಸದ್ಯಕ್ಕೆ ನಮ್ಮೂರ ಕೆರೆಯಲ್ಲಿ ಮಾತ್ರ ಓಡಾಡುತ್ತಿದ್ದೇನೆ. ಕೈ ಪಳಗಿದ ಮೇಲೆ ಹೇಮಾವತಿ ಹಿನ್ನೀರಿಗೆ ಒಯ್ಯಬೇಕೆಂಬ ಆಸೆಯಿದೆ.

ಹುಟ್ಟುಗಾರ, ಚಿಕ್ಕಮಗಳೂರು

ನಮಸ್ಕಾರ ಸರ್. ತಳಕ್ಕೆ ಈಗಲೇ ಏನನ್ನೂ ಹೊಡೆಯಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ದೋಷ ದೋಣಿಯದಲ್ಲ, ನೀವು ಕೂರುವ ಜಾಗದ್ದು. ಮಿಕ್ಕಿದ್ದು ಹುಟ್ಟಿನ ಕೊನೆಯ ತಿರುವಿನದು.

ಮೊದಲು ಕೂರುವ ಜಾಗದ ಲೆಕ್ಕವನ್ನೇ ನೋಡೋಣ. ನಿಮ್ಮ ತೂಕ 75 ಕಿಲೋ ಎಂದಿಟ್ಟುಕೊಳ್ಳಿ. ಹಿಂದಿನ ಸೀಟು ದೋಣಿಯ ನಡುವಿನಿಂದ ಸುಮಾರು 5 ಅಡಿ ಹಿಂದಿರುತ್ತದೆ. ಆ ಭಾರವನ್ನು ಸರಿದೂಗಿಸಬೇಕಾದರೆ ನಡುವಿನಿಂದ 6 ಅಡಿ ಮುಂದೆ 60 ಕಿಲೋಗೂ ಹೆಚ್ಚಿನ ಭಾರ ಬೇಕು. ಅದು ಇಲ್ಲದೇ ಇರುವುದರಿಂದ ಹಿಂತುದಿ ಆಳಕ್ಕೆ ಇಳಿದು, ಮುಂತುದಿ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಹದಿನೈದು ಅಡಿ ದೋಣಿಯಲ್ಲಿ ನೀರಿಗೆ ತಾಗುತ್ತಿರುವುದು ಹಿಂದಿನ ಹತ್ತೋ ಹನ್ನೊಂದೋ ಅಡಿ ಮಾತ್ರ. ನೀರಿನ ಹಿಡಿತವಿಲ್ಲದ ಆ ಮುಂತುದಿಯನ್ನು ನಿಮ್ಮ ಹುಟ್ಟಿನ ಒಂದೊಂದು ಎಳೆತವೂ ಪಕ್ಕಕ್ಕೆ ತಳ್ಳುತ್ತದೆ, ಗಾಳಿಯಂತೂ ಅದನ್ನು ಇಷ್ಟ ಬಂದಲ್ಲಿಗೆ ಒಯ್ಯುತ್ತದೆ.

ಆದ್ದರಿಂದ ಒಬ್ಬರೇ ಹೋಗುವಾಗ ನಡುವಿನಿಂದ ಒಂದಡಿಯಷ್ಟು ಹಿಂದೆ, ತಳದ ಮೇಲೆ ದಪ್ಪ ಫೋಮ್ ಹಾಸಿ, ಮಂಡಿಯೂರಿ ಕೂತುಕೊಳ್ಳಿ. ಎರಡು ಮಂಡಿಗಳನ್ನೂ ಅಗಲಿಸಿ ದೋಣಿಯ ಎರಡು ಪಕ್ಕಗಳಿಗೆ ತಾಗಿಸಿ, ಪೃಷ್ಠಕ್ಕೆ ಒಂದು ಅಡ್ಡಪಟ್ಟಿಯ ಆಸರೆ ಕೊಟ್ಟರೆ ದೇಹ ಮೂರು ಕಡೆ ದೋಣಿಗೆ ಕಚ್ಚಿಕೊಳ್ಳುತ್ತದೆ ಮತ್ತು ಭಾರದ ಕೇಂದ್ರ ಕೆಳಗಿಳಿಯುವುದರಿಂದ ಅಲುಗಾಟವೂ ಕಡಿಮೆಯಾಗುತ್ತದೆ. ಅಷ್ಟಾದರೆ ಮುಂದೆ ಸರಿದೂಗಿಸಲು ಬೇಕಾಗುವುದು ಹನ್ನೆರಡು ಹದಿಮೂರು ಕಿಲೋ ಮಾತ್ರ. ಅದಕ್ಕೆ 20 ಲೀಟರಿನ ನೀರಿನ ಕ್ಯಾನನ್ನು ಬೇಕಾದಷ್ಟು ತುಂಬಿ, ಮುಂದೆ ಇಟ್ಟು, ಅಲುಗದಂತೆ ಕಟ್ಟಿ. ಕಲ್ಲನ್ನಾಗಲಿ ಮರಳಿನ ಚೀಲವನ್ನಾಗಲಿ ಹಾಕಬೇಡಿ. ದೋಣಿ ಮಗುಚಿದರೆ ಕಲ್ಲು ಅದನ್ನು ಕೆಳಕ್ಕೆ ಎಳೆಯುತ್ತದೆ. ಕ್ಯಾನಿನೊಳಗಿನ ನೀರಿಗೆ ಕೆರೆಯ ನೀರಿನಲ್ಲಿ ತೂಕವೇ ಇರುವುದಿಲ್ಲ.

ಇನ್ನು ಹುಟ್ಟು ಹಾಕುವ ಕ್ರಮ. ದೋಣಿಯ ನಡುಗೆರೆಯಿಂದ ಪಕ್ಕಕ್ಕೆ ಸರಿದ ಜಾಗದಲ್ಲಿ ಬಲ ಬೀಳುವುದರಿಂದ ದೋಣಿ ಎದುರು ದಿಕ್ಕಿಗೆ ತಿರುಗುವುದು ಸಹಜ. ಆ ತಿರುಗುವಿಕೆಯನ್ನು ಎರಡು ಹಂತದಲ್ಲಿ ಕಡಿಮೆ ಮಾಡಬಹುದು. ಮೊದಲನೆಯದಾಗಿ, ಹುಟ್ಟಿನ ಕೋಲು ಸಾಧ್ಯವಾದಷ್ಟು ನೆಟ್ಟಗೆ ನಿಲ್ಲಬೇಕು. ಅದಕ್ಕಾಗಿ ಮೇಲಿನ ಕೈ ದೋಣಿಯ ಅಂಚನ್ನು ದಾಟಿ ನೀರಿನ ಮೇಲೆ ಬರಬೇಕು. ಅಲಗು ದೋಣಿಯ ಬಾಗಿದ ಅಂಚನ್ನು ಹಿಂಬಾಲಿಸದೆ ನಡುಗೆರೆಗೆ ಸಮಾನಾಂತರವಾಗಿ ನೇರವಾಗಿ ಹಿಂದಕ್ಕೆ ಬರಬೇಕು. ಹೆಚ್ಚಿನವರು ಅಂಚನ್ನು ಸವರಿಕೊಂಡು ಬಿಲ್ಲಿನಂತೆ ಎಳೆಯುತ್ತಾರೆ, ಅದರಿಂದಲೇ ಅರ್ಧ ತಿರುಗುವಿಕೆ ಹುಟ್ಟುತ್ತದೆ. ಎರಡನೆಯದಾಗಿ, ಅಲಗು ಸೊಂಟದ ನೇರಕ್ಕೆ ಬಂದ ಕೂಡಲೇ ಎಳೆಯುವುದನ್ನು ನಿಲ್ಲಿಸಿ, ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಹಿಡಿಯನ್ನು ತಿರುಗಿಸಿ. ಆಗ, ಅಲಗಿನ ಯಾವ ಮುಖದಿಂದ ನೀರನ್ನು ಎಳೆದಿರೋ ಅದೇ ಮುಖ ದೋಣಿಯಿಂದ ಹೊರಕ್ಕೆ ತಿರುಗುತ್ತದೆ. ಆ ಮುಖದಿಂದ ನೀರನ್ನು ಹೊರಕ್ಕೆ ಸ್ವಲ್ಪವೇ ತಳ್ಳಿ, ಅಲಗನ್ನು ಮೇಲೆತ್ತಿ. ಅಲಗು ನೀರಿನಲ್ಲಿ ಬಿಡಿಸುವ ಆಕಾರ ಇಂಗ್ಲಿಷಿನ ಜೆ ಅಕ್ಷರದಂತಿರುವುದರಿಂದ ಇದನ್ನು ಜೆ ಸ್ಟ್ರೋಕ್ ಎನ್ನುತ್ತಾರೆ.

ಹೆಬ್ಬೆರಳು ಕೆಳಕ್ಕೇ ತಿರುಗಬೇಕು ಎಂಬುದನ್ನು ಮತ್ತೊಮ್ಮೆ ಹೇಳುತ್ತೇನೆ. ಮೇಲಕ್ಕೆ ತಿರುಗಿಸಿ ತಳ್ಳಿದರೂ ದೋಣಿ ನೇರವಾಗುತ್ತದೆ, ಕಲಿಯಲೂ ಅದು ಸುಲಭ. ಆದರೆ ಅಲಗಿನ ಹಿಂಮುಖ ನೀರನ್ನು ತಡೆದು ಪ್ರತಿ ಸಲವೂ ವೇಗವನ್ನು ಕೊಲ್ಲುತ್ತದೆ, ಮಣಿಕಟ್ಟು ಬೇಗ ಸೋಲುತ್ತದೆ. ಅಭ್ಯಾಸಕ್ಕೆ ಗಾಳಿಯಿಲ್ಲದ ಮುಂಜಾವನ್ನೇ ಆರಿಸಿಕೊಳ್ಳಿ. ದಡದ ಆಚೆಗೆ ಒಂದು ತೆಂಗಿನ ಮರವನ್ನೋ ದೇವಸ್ಥಾನದ ಗೋಪುರವನ್ನೋ ಗುರುತಿಟ್ಟುಕೊಂಡು, ಮುಂತುದಿ ಅದರಿಂದ ಸರಿಯುವ ಮೊದಲೇ ತಿದ್ದಿ. ಪೂರ್ತಿ ಸರಿದ ಮೇಲೆ ತಿದ್ದಲು ಮೂರು ಪಟ್ಟು ಬಲ ಬೇಕಾಗುತ್ತದೆ.

ಗಾಳಿಯ ವಿಷಯದಲ್ಲಿ ಒಂದೇ ಸೂತ್ರವಿದೆ: ಭಾರವಾದ ತುದಿ ಗಾಳಿಯ ಕಡೆಗೆ ನಿಲ್ಲಲು ಬಯಸುತ್ತದೆ. ಎದುರುಗಾಳಿಗೆ ಹೋಗುವಾಗ ನೀವೂ ಕ್ಯಾನೂ ಸ್ವಲ್ಪ ಮುಂದಕ್ಕೆ ಸರಿಯಿರಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬರುವಾಗ ಸ್ವಲ್ಪ ಹಿಂದಕ್ಕೆ. ಹಿಂದಿನ ಸೀಟಿನಲ್ಲಿ ಕೂತು ಎದುರುಗಾಳಿಗೆ ಹೋಗುವುದೆಂದರೆ ದೋಣಿಯ ಸ್ವಭಾವಕ್ಕೆ ವಿರುದ್ಧವಾಗಿ ಹೋರಾಡಿದಂತೆ, ಅದರಲ್ಲಿ ತೋಳುಗಳು ಗೆಲ್ಲುವುದಿಲ್ಲ.

ಮರಗೆಲಸ, ಹಾಸನ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ದೋಣಿಯದು ದೋಷವೇ ಅಲ್ಲ ಎಂದು ನೋಡದೆ ಹೇಳಲು ನಾನು ಹಿಂಜರಿಯುತ್ತೇನೆ. ಹೊಲಿದು ಅಂಟಿಸುವ ವಿಧಾನದಲ್ಲಿ ದೋಣಿಗೆ ಆಕಾರ ಕೊಡುವ ಅಚ್ಚು ಇರುವುದಿಲ್ಲವಾದ್ದರಿಂದ, ಎಪಾಕ್ಸಿ ಗಟ್ಟಿಯಾಗುವ ಹೊತ್ತಿನಲ್ಲಿ ದೋಣಿ ಕೂತಿದ್ದ ಮರದ ಕುದುರೆಗಳು (ಆಸರೆಯ ಸ್ಟ್ಯಾಂಡುಗಳು) ಸಮಮಟ್ಟದಲ್ಲಿ ಇರದಿದ್ದರೆ ಇಡೀ ಒಡಲು ತಿರುಚಿಕೊಂಡೇ ಗಟ್ಟಿಯಾಗಿಬಿಡುತ್ತದೆ. ಕಣ್ಣಿಗೆ ಅದು ಸುಲಭವಾಗಿ ಕಾಣುವುದಿಲ್ಲ.

ಪರೀಕ್ಷಿಸುವುದು ಹೀಗೆ. ನೇರವಾದ ಎರಡು ರೀಪುಗಳನ್ನು ತಂದು, ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ, ದೋಣಿಯ ಮೇಲಂಚುಗಳ ಮೇಲೆ ಅಡ್ಡಲಾಗಿಡಿ. ದೂರದಲ್ಲಿ ಬಗ್ಗಿ ನಿಂತು ಒಂದು ರೀಪಿನ ಮೇಲಿನಿಂದ ಇನ್ನೊಂದನ್ನು ನೋಡಿ. ಎರಡೂ ಒಂದೇ ಗೆರೆಯಲ್ಲಿ ಕೂಡಿದರೆ ಒಡಲು ಸರಿಯಾಗಿದೆ. ಕತ್ತರಿಯಂತೆ ಒಂದು ಮೇಲೆ ಒಂದು ಕೆಳಗೆ ಕಂಡರೆ ತಿರುಚಿದೆ. ನಂತರ ದೋಣಿಯನ್ನು ಮಗುಚಿ, ತಳದ ನಡುಗೆರೆಯ ಮೇಲೆ ತುದಿಯಿಂದ ತುದಿಗೆ ದಾರ ಬಿಗಿದು ನೋಡಿ. ನಡುವೆ ತಳ ದಾರಕ್ಕೆ ತಾಗಿ, ಎರಡೂ ಕಡೆ ಒಂದೇ ಪ್ರಮಾಣದಲ್ಲಿ ದೂರ ಸರಿದಿರಬೇಕು. ಈ ಬಾಗು ಹೆಚ್ಚಿದ್ದಷ್ಟೂ ದೋಣಿ ಸಲೀಸಾಗಿ ತಿರುಗುತ್ತದೆ, ಕಡಿಮೆಯಿದ್ದಷ್ಟೂ ನೇರವಾಗಿ ಓಡುತ್ತದೆ. ನೀರಿನ ಮೇಲೆ ಮಾಡುವ ಪರೀಕ್ಷೆ ಇನ್ನೂ ಖಚಿತವಾದದ್ದು. ಗಾಳಿಯಿಲ್ಲದಾಗ ವೇಗವಾಗಿ ಬಂದು ಹುಟ್ಟನ್ನು ಎತ್ತಿಕೊಂಡುಬಿಡಿ. ದೋಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದರೆ ಚಿಂತೆಯಿಲ್ಲ. ಪ್ರತಿ ಸಲವೂ ಒಂದೇ ಕಡೆಗೆ ತಿರುಗಿದರೆ ಒಡಲಿನಲ್ಲೇ ದೋಷವಿದೆ.

ಪಟ್ಟಿ ಹೊಡೆಯಲೇಬೇಕೆಂದು ಆಮೇಲೆ ನಿರ್ಧಾರವಾದರೂ ಉದ್ದಕ್ಕೂ ಬೇಡ. ಹಿಂತುದಿಯ ಕೆಳಗೆ ಒಂದೂವರೆ ಅಡಿ ಉದ್ದದ, ಎರಡು ಇಂಚು ಆಳಕ್ಕೆ ಇಳಿಯುವ ತೆಳುವಾದ ಮರದ ರೆಕ್ಕೆ ಸಾಕು. ಅದನ್ನು ಮೊಳೆ ಹೊಡೆಯದೆ ಎಪಾಕ್ಸಿಯಿಂದ ಕೂರಿಸಿ, ಏಕೆಂದರೆ ಮೊಳೆಯ ರಂಧ್ರದಿಂದ ನೀರು ಪ್ಲೈವುಡ್ಡಿನ ಪದರಗಳೊಳಗೆ ಸೇರಿಕೊಂಡರೆ ಒಂದೆರಡು ಮಳೆಗಾಲದಲ್ಲಿ ಆ ಜಾಗ ಉಬ್ಬಿಬಿಡುತ್ತದೆ.

ಹುಟ್ಟಿನ ಅಳತೆಗೆ, ಸೀಟಿನ ಮೇಲೆ ನೇರವಾಗಿ ಕೂತು ಹುಟ್ಟನ್ನು ತಲೆಕೆಳಗು ಮಾಡಿ ಹಿಡಿಯನ್ನು ಸೀಟಿನ ಮೇಲೆ ಊರಿರಿ. ಕೋಲು ಮುಗಿದು ಅಲಗು ಶುರುವಾಗುವ ಜಾಗ ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಮರದ ಆಯ್ಕೆಯಲ್ಲಿ ಗಟ್ಟಿತನಕ್ಕಿಂತ ಹಗುರತನ ಮುಖ್ಯ. ಹುಟ್ಟನ್ನು ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಎತ್ತಬೇಕಾಗುತ್ತದೆ, ಇಡೀ ಹುಟ್ಟು ತೇಗದ್ದಾದರೆ ಭುಜಕ್ಕೆ ಶಿಕ್ಷೆ. ಗಂಟಿಲ್ಲದ, ನೇರ ಎಳೆಯ ಸಿಲ್ವರ್ ಓಕ್ ಪಟ್ಟಿಗಳನ್ನು ಅಂಟಿಸಿ ಕೋಲು ಮತ್ತು ಅಲಗನ್ನು ಮಾಡಿ, ಕಲ್ಲಿಗೆ ತಾಗುವ ಅಲಗಿನ ತುದಿಗೆ ಮಾತ್ರ ತೇಗದ ಪಟ್ಟಿ ಕೊಡಿ. ಕೈ ಹಿಡಿಯುವ ಭಾಗಕ್ಕೆ ವಾರ್ನಿಷ್ ಬೇಡ, ಬೊಬ್ಬೆ ಬರುತ್ತದೆ. ಅಗಸೆ ಎಣ್ಣೆ ಉಜ್ಜಿ. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಶೆಡ್ಡಿನಲ್ಲಿ ಎಸೆಯದೆ ಹೊರಗೆ ಹರವಿ ಒಣಗಿಸಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುವುದರಿಂದ ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ದೋಣಿಯ ಎಪಾಕ್ಸಿಗೆ ಬಿಸಿಲು ತಡೆಯುವ ವಾರ್ನಿಷ್ ಅಥವಾ ಬಣ್ಣ ಬಳಿದಿದ್ದೀರಿ ಎಂದು ಭಾವಿಸುತ್ತೇನೆ. ಬಳಿದಿಲ್ಲವಾದರೆ ಬೇಸಿಗೆಗೆ ಮುಂಚೆ ಬಳಿಯಿರಿ.

ಹಿನ್ನೀರು, ಆಲೂರು

ಸರ್, ನಮ್ಮದು ಹೇಮಾವತಿ ಹಿನ್ನೀರಿನ ಬದಿಯ ಊರು, ಮನೆತನದ ಕಸುಬು ಮೀನುಗಾರಿಕೆ. ದೋಣಿ ಕಟ್ಟುವ ವಿದ್ಯೆ ನನಗೆ ತಿಳಿಯದು, ನಮ್ಮದೆಲ್ಲ ತೆಪ್ಪ. ನೀರಿನ ವಿಷಯವಾಗಿ ಕೆಲವು ಮಾತು ಹೇಳಬೇಕು.

ಊರ ಕೆರೆಗೂ ಹಿನ್ನೀರಿಗೂ ಅಜಗಜಾಂತರವಿದೆ. ಗೊರೂರಿನಲ್ಲಿ 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ ಇರುತ್ತದೆ, ಬೇಸಿಗೆಯಲ್ಲಿ ಅದು ಬಹಳ ಕೆಳಗಿಳಿಯುತ್ತದೆ. ಹೀಗಾಗಿ ಈ ತಿಂಗಳು ನೀವು ನಿರಾತಂಕವಾಗಿ ದಾಟಿದ ಜಾಗದಲ್ಲಿ ಮುಂದಿನ ತಿಂಗಳು ಹಳೆಯ ಮರದ ಬೊಡ್ಡೆಗಳೋ ಮುಳುಗಿದ ಊರಿನ ಗೋಡೆಯ ಕಲ್ಲುಗಳೋ ನೀರಿನ ಅರ್ಧ ಅಡಿ ಕೆಳಗೆ ಅಡಗಿರುತ್ತವೆ. ಪ್ಲೈವುಡ್ ದೋಣಿಗೆ ಅದು ಅಪಾಯ. ತಳಕ್ಕೆ ರೆಕ್ಕೆ ಕೂರಿಸಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅದೇ, ನಮ್ಮ ಬಲೆಗಳಿಗೂ ಅದೇ ಸಿಕ್ಕುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನಲ್ಲಿ ನಿಂತಿರುವಾಗ ಹತ್ತಿರ ಹೋಗಿ ನೋಡಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ. ವರ್ಷ ವರ್ಷವೂ ನೀರಿನಲ್ಲಿ ನೆನೆದು ಒಣಗಿದ ಗೋಡೆಗಳವು, ದೂರದಿಂದಲೇ ನೋಡಿ. ಒಳಗೆ ದೋಣಿ ನುಗ್ಗಿಸಬೇಡಿ.

ಹಿನ್ನೀರು ಉದ್ದಕ್ಕೆ ಚಾಚಿರುವುದರಿಂದ ಗಾಳಿಗೆ ಓಡಲು ಬೇಕಾದಷ್ಟು ಜಾಗ ಸಿಗುತ್ತದೆ, ಗಾಳಿ ಓಡಿದ ದೂರಕ್ಕೆ ತಕ್ಕಂತೆ ಅಲೆಯೂ ದೊಡ್ಡದಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ದಿನವಿಡೀ ಬೀಸುತ್ತದೆ, ಆಗ ನಾವೇ ಒಳಗೆ ಹೋಗಲು ಯೋಚಿಸುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನೋಡುನೋಡುತ್ತಲೇ ಬರುತ್ತದೆ. ನಿಮಗೆ ಒಳ್ಳೆಯ ಕಾಲವೆಂದರೆ ನವೆಂಬರ್‌ನಿಂದ ಫೆಬ್ರವರಿ, ಅದೂ ಬೆಳಗಿನ ಹೊತ್ತು. ಮಂಜು ಕರಗಿ ಎದುರಿನ ದಡ ಕಾಣುವವರೆಗೆ ಕಾದು ಇಳಿಯಿರಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗಿರಲಿ. ನಡುನೀರಿಗೆ ಹೋಗದೆ ದಡದ ಪಕ್ಕದಲ್ಲೇ ಸಾಗಿ.

ಬಲೆಗಳನ್ನು ಸಂಜೆ ಬಿಟ್ಟು ಬೆಳಗ್ಗೆ ಎತ್ತುತ್ತೇವೆ. ಥರ್ಮೋಕೋಲ್ ತುಂಡುಗಳೋ ಖಾಲಿ ಬಾಟಲಿಗಳೋ ಸಾಲಾಗಿ ತೇಲುತ್ತಿದ್ದರೆ ಅದು ಬಲೆಯ ಬೆಂಡು ಎಂದು ತಿಳಿದು ಸಾಲಿನ ಕೊನೆಯನ್ನು ಸುತ್ತಿಕೊಂಡು ಹೋಗಿ. ಒಂದು ಬಲೆ ಹರಿದರೆ ಆ ಮನೆಯ ಆ ವಾರದ ಸಂಪಾದನೆಯೇ ಹೋಗುತ್ತದೆ.

ಊರ ಕೆರೆಯಲ್ಲೂ ಎರಡು ಜಾಗಗಳಿಂದ ದೂರವಿರಬೇಕು. ತೂಬು ತೆರೆದಿರುವಾಗ ಅದರ ಬಳಿ ಮೇಲೆ ನೀರು ಶಾಂತವಾಗಿಯೇ ಕಾಣುತ್ತದೆ, ಕೆಳಗೆ ಸೆಳೆತ ಬಲವಾಗಿರುತ್ತದೆ. ಕೆರೆ ಕೋಡಿ ಬಿದ್ದಾಗ ಕೋಡಿಯ ಹತ್ತಿರ ಯಾವ ದೋಣಿಯೂ ಹೋಗಬಾರದು. ಅಯ್ಯನಕೆರೆಯಂತಹ ದೊಡ್ಡ ಕೆರೆಯಾಗಲಿ ನಿಮ್ಮೂರಿನ ಸಣ್ಣ ಕೆರೆಯಾಗಲಿ ಈ ಮಾತಿಗೆ ವಿನಾಯಿತಿಯಿಲ್ಲ.

ಉಡುಪಿನ ಬಗ್ಗೆ ಒಂದು ಮಾತು. ತೋಟದಿಂದ ನೇರವಾಗಿ ಕೆರೆಗೆ ಬರುವವರು ಗಂಬೂಟ್ಸ್ ಹಾಕಿಕೊಂಡೇ ದೋಣಿ ಹತ್ತುವುದನ್ನು ಕಂಡಿದ್ದೇನೆ. ನೀರು ತುಂಬಿದ ಗಂಬೂಟ್ಸಿನಲ್ಲಿ ಈಜುವುದು ಬಹಳ ಕಷ್ಟ. ಪಂಚೆಯೂ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ಚಡ್ಡಿ, ಬರಿಗಾಲು ಅಥವಾ ಹಗುರವಾದ ಚಪ್ಪಲಿ, ಮತ್ತು ಸೊಂಟದ ಪಟ್ಟಿಯನ್ನು ಬಿಗಿದ ಲೈಫ್ ಜಾಕೆಟ್ ಇರಲಿ. ಈಜು ಬಂದರೂ ಜಾಕೆಟ್ ಬೇಕು. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡದ ಕಡೆಗೆ ಈಜಬೇಡಿ. ನಿಮ್ಮ ದೋಣಿಯ ಎರಡೂ ತುದಿಗಳಲ್ಲಿ ಗಾಳಿಯ ಗೂಡುಗಳಿರುವುದರಿಂದ ಅದು ಮುಳುಗುವುದಿಲ್ಲ, ಅದನ್ನೇ ಹಿಡಿದುಕೊಂಡು ಕಾಲು ಬಡಿಯುತ್ತ ದಡಕ್ಕೆ ತನ್ನಿ.

ಇಳಿಯುವ ಮೊದಲು ಅನುಮತಿ ಕೇಳಿ. ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮಕ್ಕೆ ಸೇರಿದ್ದು, ಕೆರೆಗಳು ಸಣ್ಣ ನೀರಾವರಿ ಇಲಾಖೆಗೋ ಪಂಚಾಯಿತಿಗೋ ಸೇರಿರುತ್ತವೆ, ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದವರು ಬೇರೆ ಇರುತ್ತಾರೆ. ಗುತ್ತಿಗೆದಾರರ ಜೊತೆ ಮೊದಲು ಮಾತಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಹಿರೇಕೊಳಲೆ ಕೆರೆಯ ನೀರು ಚಿಕ್ಕಮಗಳೂರಿನವರು ಕುಡಿಯುವ ನೀರಾದ್ದರಿಂದ ಅಂತಹ ಕೆರೆಗಳ ಯೋಚನೆಯೇ ಬೇಡ.

ಮಳೆಹನಿ, ಮೂಡಿಗೆರೆ

ಇಬ್ಬರು ಹೋಗುವಾಗಿನ ಕ್ರಮವನ್ನು ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ನಾನು ಮತ್ತು ನನ್ನ ಮಗಳು ಇಂತಹದೇ ದೋಣಿಯಲ್ಲಿ ಹೋಗುತ್ತೇವೆ. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದಿನವರು ಅದೇ ಲಯಕ್ಕೆ ಎದುರು ಬದಿಯಲ್ಲಿ ಹುಟ್ಟು ಹಾಕುತ್ತ ದಿಕ್ಕು ನೋಡಿಕೊಳ್ಳಬೇಕು. ಹಗುರವಾದವರು ಮುಂದೆ, ಭಾರವಾದವರು ಹಿಂದೆ ಕೂರುವುದು ವಾಡಿಕೆ. ತೂಕದ ಅಂತರ ಬಹಳವಿದ್ದರೆ ನೀರಿನ ಕ್ಯಾನು ಇಲ್ಲೂ ಮುಂದೆಯೇ ಇರಬೇಕು. ಬದಿ ಬದಲಿಸುವಾಗ ಇಬ್ಬರೂ ಒಟ್ಟಿಗೆ ಬದಲಿಸಿ, ಹಿಂದಿನವರೇ ಕೂಗಿ ಹೇಳಲಿ.

ತೋಟದ ದೋಣಿ, ಬೇಲೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ರೀಪುಗಳನ್ನಿಟ್ಟು ನೋಡಿದೆವು, ಎರಡೂ ಒಂದೇ ಗೆರೆಯಲ್ಲಿ ಕೂಡುತ್ತವೆ. ತಳದ ಬಾಗು ಎರಡೂ ಕಡೆ ಸಮನಾಗಿದೆ. ಹುಟ್ಟನ್ನೆತ್ತಿ ಬಿಟ್ಟರೆ ದೋಣಿ ಒಂದೇ ಕಡೆಗೆ ತಿರುಗುವುದಿಲ್ಲ. ನಡುವಿನಿಂದ ಒಂದಡಿ ಹಿಂದೆ ಮಂಡಿಯೂರಿ, ಮುಂದೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದ ಕ್ಯಾನನ್ನು ಕಟ್ಟಿ ಹೋದಾಗ ಮೊದಲ ಬಾರಿಗೆ ದೋಣಿ ನನ್ನ ಮಾತು ಕೇಳಿತು. ಜೆ ಸ್ಟ್ರೋಕ್ ಇನ್ನೂ ಒರಟಾಗಿಯೇ ಇದೆ, ಆದರೂ ಏರಿಯ ಮೇಲಿನ ಅರಳಿ ಮರದ ನೇರಕ್ಕೆ ಬದಿ ಬದಲಿಸದೆ ಕೆರೆಯನ್ನು ದಾಟಲು ಸಾಧ್ಯವಾಯಿತು. ತಳಕ್ಕೆ ಪಟ್ಟಿ ಹೊಡೆಯುವ ಯೋಚನೆಯನ್ನು ಆಚಾರರೂ ಕೈಬಿಟ್ಟಿದ್ದಾರೆ. ಕೆರೆಯ ಮೀನಿನ ಗುತ್ತಿಗೆದಾರರನ್ನೂ ಕಂಡು ಮಾತಾಡಿದ್ದೇನೆ, ಬಲೆ ಬಿಡುವ ಮೂಲೆಯನ್ನು ಅವರೇ ತೋರಿಸಿದರು.

ಉಳಿದಿರುವುದು ಒಂದೇ ತೊಂದರೆ. ಅರ್ಧ ಗಂಟೆ ಮಂಡಿಯೂರಿದರೆ ಪಾದಗಳು ಜೋಮು ಹಿಡಿಯುತ್ತವೆ. ಇದಕ್ಕೇನಾದರೂ ಉಪಾಯವಿದೆಯೇ?

ಹುಟ್ಟುಗಾರ, ಚಿಕ್ಕಮಗಳೂರು

ಇದೆ ಸರ್. ಈಗ ನಿಮ್ಮ ಭಾರವೆಲ್ಲ ಹಿಮ್ಮಡಿಯ ಮೇಲೆ ಬೀಳುತ್ತಿರಬೇಕು. ಆ ಅಡ್ಡಪಟ್ಟಿಯ ಬದಲು ನಡುವಿನಿಂದ ಹಿಂದಕ್ಕೆ, ನೀವು ಮಂಡಿಯೂರುವ ಜಾಗದಲ್ಲೇ, ನೈಲಾನ್ ಪಟ್ಟಿ ಹೆಣೆದ ಸಣ್ಣ ಸೀಟನ್ನು ತಳದಿಂದ 9 ಅಥವಾ 10 ಇಂಚು ಎತ್ತರದಲ್ಲಿ ಕೂರಿಸಿ, ಅದರ ಮುಂದಿನ ಅಂಚು ಹಿಂದಿನದಕ್ಕಿಂತ ಸ್ವಲ್ಪ ತಗ್ಗಿರಲಿ. ಆಗ ಪೃಷ್ಠ ಭಾರ ಹೊರುತ್ತದೆ, ಮಂಡಿಗಳು ಹಿಡಿತಕ್ಕೆ ಮಾತ್ರ. ಸೀಟಿನ ಕೆಳಗೆ ಪಾದಗಳು ಸಲೀಸಾಗಿ ಹೊರಬರುವಷ್ಟು ಜಾಗ ಇದೆಯೇ ಎಂದು ದಡದಲ್ಲೇ ಪರೀಕ್ಷಿಸಿಕೊಳ್ಳಿ. ದೋಣಿ ಮಗುಚಿದಾಗ ಪಾದ ಅಲ್ಲಿ ಸಿಕ್ಕಿಕೊಳ್ಳಬಾರದು. ಜಾಗ ಸಾಲದಿದ್ದರೆ ಸೀಟನ್ನು ಇನ್ನೊಂದು ಇಂಚು ಏರಿಸಿ.